ಹತ್ತು ಡೈಮ್‌ಗಳು: ಹ್ಯಾಟೀಸ್‌ಬರ್ಗಿನ ಒಗೆಯುವ ಅಜ್ಜಿಯ ಪ್ರಕರಣ

ಬ್ಯಾಂಕಿನ ಅಧಿಕಾರಿ ಮೇಜಿನ ಮೇಲೆ ಹತ್ತು ಡೈಮ್‌ಗಳನ್ನು ಇಟ್ಟರು. ಡೈಮ್ ಅಂದರೆ ಅಮೆರಿಕದ ಹತ್ತು ಸೆಂಟಿನ ನಾಣ್ಯ, ಅಲ್ಲಿನ ಚಿಲ್ಲರೆಯಲ್ಲೆಲ್ಲ ಗಾತ್ರದಲ್ಲಿ ತೀರಾ ಚಿಕ್ಕದು. ಎದುರಿಗೆ ಕುಳಿತಿದ್ದವರು 87 ವರ್ಷದ ಓಸಿಯೋಲಾ ಮೆಕಾರ್ಟಿ. ಮುಕ್ಕಾಲು ಶತಮಾನ ಬೇರೆಯವರ ಬಟ್ಟೆ ಒಗೆದ ಕೈಗಳು ಸಂಧಿವಾತದಿಂದ ಊದಿಕೊಂಡು, ಆ ಕೆಲಸವನ್ನು ಬಿಟ್ಟು ಇನ್ನೂ ಒಂದು ವರ್ಷವೂ ಆಗಿರಲಿಲ್ಲ. ಇದು 1995ರ ಮಾತು, ಅಮೆರಿಕದ ದಕ್ಷಿಣದ ಮಿಸಿಸಿಪ್ಪಿ ರಾಜ್ಯದ ಹ್ಯಾಟೀಸ್‌ಬರ್ಗ್ ಊರಿನಲ್ಲಿ. ಟ್ರಸ್ಟ್‌ಮಾರ್ಕ್ ಬ್ಯಾಂಕಿನ ಟ್ರಸ್ಟ್ ಅಧಿಕಾರಿ ಪಾಲ್ ಲಾಫ್ಲಿನ್ ಅವರಿಗೆ ಅಜ್ಜಿಯ ಮನಸ್ಸಿನಲ್ಲಿರುವುದನ್ನು ಸರಿಯಾಗಿ ತಿಳಿಯಬೇಕಿತ್ತು. ಶೇಕಡಾವಾರು, ಉಯಿಲು, ಟ್ರಸ್ಟ್ ಅಂತೆಲ್ಲ ಮಾತಾಡುವ ಬದಲು ಅವರು ನಾಣ್ಯ ಹರಡಿದರು. ಒಂದೊಂದು ನಾಣ್ಯ ಉಳಿತಾಯದ ಹತ್ತನೇ ಒಂದು ಪಾಲು. ಅಜ್ಜಿ ಹೋದ ಮೇಲೆ ಯಾವ ಪಾಲು ಯಾರಿಗೆ ಸೇರಬೇಕೋ ಅವರ ಹೆಸರಿನ ಚೀಟಿಯ ಮೇಲೆ ನಾಣ್ಯ ಇಟ್ಟರಾಯಿತು.

ಅಜ್ಜಿ ಒಂದು ನಾಣ್ಯವನ್ನು ತಮ್ಮ ಚರ್ಚಿನ ಮೇಲಿಟ್ಟರು. ಮೂರು ನಾಣ್ಯ ಮೂವರು ಬಂಧುಗಳಿಗೆ, ತಲಾ ಒಂದು. ಉಳಿದ ಆರನ್ನೂ ಊರಿನ ವಿಶ್ವವಿದ್ಯಾಲಯದ ಮೇಲೆ.

ಉಳಿತಾಯ ಎರಡೂವರೆ ಲಕ್ಷ ಡಾಲರಿಗೂ ಮೇಲಿತ್ತು. ವಿಶ್ವವಿದ್ಯಾಲಯದ ಪಾಲಿಗೆ ಬಂದದ್ದು ಒಂದೂವರೆ ಲಕ್ಷ ಡಾಲರ್. ಕಲಿಯುವ ಆಸೆಯಿದ್ದೂ ದುಡ್ಡಿಲ್ಲದ ಮಕ್ಕಳಿಗೆ, ಅದರಲ್ಲೂ ಕಪ್ಪು ಮಕ್ಕಳಿಗೆ, ವಿದ್ಯಾರ್ಥಿವೇತನ ಕೊಡಬೇಕೆಂಬುದು ಅವರ ಇಚ್ಛೆ. ಆ ವರ್ಷದ ಜುಲೈಯಲ್ಲಿ ಕಾಗದಪತ್ರಕ್ಕೆ ಸಹಿ ಬಿತ್ತು. ಆ ಕಾಗದ ಬರೆದುಕೊಟ್ಟ ವಕೀಲರ ಬಟ್ಟೆಯನ್ನೂ ಅಜ್ಜಿ ಒಗೆದಿದ್ದರು.

ಈ ಸುದ್ದಿ ಆಗ ಅಮೆರಿಕದ ಉದ್ದಗಲಕ್ಕೂ ಹಬ್ಬಿತು. ಅಂದಿನಿಂದ ಇಂದಿನವರೆಗೂ ಇದನ್ನು ಹೇಳುವವರು ಹೆಚ್ಚಾಗಿ ಒಂದೇ ಧಾಟಿಯಲ್ಲಿ ಹೇಳುತ್ತಾರೆ: ಬಡ ಅಜ್ಜಿ, ಮಿತವ್ಯಯ, ಮಹಾದಾನ. ಅದರಲ್ಲಿ ಸುಳ್ಳೇನೂ ಇಲ್ಲ. ಆದರೆ ಹಾಗೆ ಹೇಳಿ ಮುಗಿಸಿದರೆ ಮೂರು ಸಂಗತಿ ಕೈತಪ್ಪುತ್ತವೆ: ಆಕೆಯ ಕಸುಬು, ಆ ಕಸುಬಿಗೆ ಸಿಕ್ಕ ಬೆಲೆ, ಮತ್ತು ಆ ಆರು ನಾಣ್ಯಗಳು ಹೋಗಿ ಕೂತ ಜಾಗದ ಚರಿತ್ರೆ. ಅವನ್ನು ಬಿಟ್ಟು ಈ ಅಜ್ಜಿಯನ್ನು ನೆನೆಯುವುದು ನನಗೆ ಸರಿಕಾಣುವುದಿಲ್ಲ.

ಮೂರು ಹೆಂಗಸರ ಮನೆ

ಮೆಕಾರ್ಟಿ ಹುಟ್ಟಿದ್ದು 1908ರ ಮಾರ್ಚ್ 7ರಂದು, ಮಿಸಿಸಿಪ್ಪಿಯ ವೇಯ್ನ್ ಕೌಂಟಿಯಲ್ಲಿ. ಕಾಯಿಲೆ ಬಿದ್ದ ನೆಂಟರ ಆರೈಕೆ ಮುಗಿಸಿ ಕಾಡುದಾರಿಯಲ್ಲಿ ಮನೆಗೆ ಬರುತ್ತಿದ್ದ ತಾಯಿಯ ಮೇಲೆ ನಡೆದ ಅತ್ಯಾಚಾರದಿಂದ ಆಕೆ ಹುಟ್ಟಿದರು. ತಂದೆಯ ಹೆಸರಿಲ್ಲ, ತಂದೆಯ ನೆರಳೂ ಇಲ್ಲ. ಹ್ಯಾಟೀಸ್‌ಬರ್ಗಿಗೆ ಬಂದ ಮೇಲೆ ಬೆಳೆಸಿದವರು ಅಜ್ಜಿ, ತಾಯಿ ಮತ್ತು ಚಿಕ್ಕಮ್ಮ. ತಾಯಿ ಬೇರೆಯವರ ಮನೆಯಲ್ಲಿ ಅಡುಗೆ ಮಾಡುತ್ತಿದ್ದರು, ಶಾಲೆಯ ಹತ್ತಿರ ಮಿಠಾಯಿ ಮಾರುತ್ತಿದ್ದರು. ಅಜ್ಜಿ ಬಟ್ಟೆ ಒಗೆಯುತ್ತಿದ್ದರು.

ಹುಡುಗಿ ಶಾಲೆಯಿಂದ ಬಂದವಳೇ ಇಸ್ತ್ರಿಗೆ ಕೈಹಚ್ಚುತ್ತಿದ್ದಳು. ಅದಕ್ಕೆ ಸಿಕ್ಕ ಪುಡಿಗಾಸನ್ನು ತನ್ನ ಗೊಂಬೆಯ ತಳ್ಳುಗಾಡಿಯಲ್ಲಿ ಬಚ್ಚಿಡುತ್ತಿದ್ದಳು. ನಮ್ಮ ಅಜ್ಜಿಯಂದಿರ ಸಾಸಿವೆ ಡಬ್ಬಿ ಇದ್ದ ಹಾಗೆ ಅದು.

ಆರನೇ ತರಗತಿಯಲ್ಲಿದ್ದಾಗ ಚಿಕ್ಕಮ್ಮ ಆಸ್ಪತ್ರೆ ಸೇರಿದರು. ವಾಪಸ್ ಬಂದಾಗ ಅವರಿಗೆ ನಡೆಯಲು ಆಗುತ್ತಿರಲಿಲ್ಲ, ನೋಡಿಕೊಳ್ಳಲು ಸ್ವಂತ ಮಕ್ಕಳೂ ಇರಲಿಲ್ಲ. ಹುಡುಗಿ ಶಾಲೆ ಬಿಟ್ಟಳು. ಚಿಕ್ಕಮ್ಮ ಚೇತರಿಸಿಕೊಳ್ಳುವ ಹೊತ್ತಿಗೆ ಜೊತೆಯ ಮಕ್ಕಳೆಲ್ಲ ಮುಂದಿನ ತರಗತಿಗೆ ಹೋಗಿಬಿಟ್ಟಿದ್ದರು. ತನಗಿಂತ ಚಿಕ್ಕವರ ನಡುವೆ ಹೋಗಿ ಕೂರಲು ನಾಚಿಕೆಯಾಯಿತು. ಮತ್ತೆ ಅವಳು ಶಾಲೆಯ ಕಡೆ ತಲೆಹಾಕಲಿಲ್ಲ. ಒಂದೇ ಒಂದು ವರ್ಷದ ಹಿಂದೇಟು ಅದು. ಹುಡುಗಿಯನ್ನು ಕರೆದು ಕೂರಿಸುವವರು ಯಾರಾದರೂ ಒಬ್ಬರು ಇದ್ದಿದ್ದರೆ ಸಾಕಿತ್ತು. ಹೆಣ್ಣುಮಕ್ಕಳ ಓದು ಎಲ್ಲ ಕಡೆಯೂ ಇಂಥ ಕಡೆಯೇ ಕಡಿಯುವುದು, ಮನೆಯಲ್ಲಿ ಯಾರಿಗೋ ಕಾಯಿಲೆ ಬಂದಾಗ.

ಮುಂದೆ ಅದೇ ಮನೆಯಲ್ಲಿ ಮೂವರು ಹೆಂಗಸರ ಮುಪ್ಪನ್ನೂ ಆಕೆಯೇ ನೋಡಿಕೊಂಡರು. ಅಜ್ಜಿ 1944ರಲ್ಲಿ, ತಾಯಿ 1964ರಲ್ಲಿ, ಚಿಕ್ಕಮ್ಮ 1967ರಲ್ಲಿ ತೀರಿಕೊಂಡರು. ಮದುವೆಯಾಗಲಿಲ್ಲ, ಮಕ್ಕಳಿಲ್ಲ. ಅಲ್ಲಿಂದ ಮುಂದಕ್ಕೆ ಮಿಲ್ಲರ್ ಸ್ಟ್ರೀಟಿನ ಮರದ ಮನೆಯಲ್ಲಿ ಒಬ್ಬರೇ.

ಹಂಡೆ, ಹಲಗೆ, ನೂರು ಅಡಿ ಹಗ್ಗ

ಒಗೆಯುವ ಕೆಲಸವನ್ನು ಕಸುಬು ಅಂತ ಕರೆಯಲು ಜನ ಹಿಂದೆಮುಂದೆ ನೋಡುತ್ತಾರೆ. ಯಾರು ಬೇಕಾದರೂ ಮಾಡಬಹುದು ಎಂಬ ತಾತ್ಸಾರ ಅದು. ಆದ್ದರಿಂದ ಈ ಕೆಲಸವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು.

ಬೆಳಗಾಗುತ್ತಲೇ ಅಂಗಳದಲ್ಲಿ ಹಂಡೆಯ ಕೆಳಗೆ ಬೆಂಕಿ ಹಾಕಬೇಕು. ನೀರನ್ನು ಬೀದಿಯ ಅಗ್ನಿಶಾಮಕ ನಲ್ಲಿಯಿಂದ ಹೊತ್ತು ತರಬೇಕು. ಬಟ್ಟೆಯನ್ನು ನೆನೆಹಾಕಿ, ಒಗೆದು, ಬಿಳಿಯದನ್ನು ಹಂಡೆಯಲ್ಲಿ ಕುದಿಸಬೇಕು. ಕುದ್ದದ್ದನ್ನು ಮೇಲೆತ್ತಿ ಹಿಂಡಿ, ಜಾಲಿಸಿ, ಮತ್ತೊಮ್ಮೆ ಜಾಲಿಸಿ, ಗಂಜಿ ಹಾಕಿ ಹಗ್ಗಕ್ಕೆ ಹರವಬೇಕು. ಆಕೆಯ ಅಂಗಳದಲ್ಲಿ ನೂರು ಅಡಿ ಉದ್ದದ ಹಗ್ಗವಿತ್ತು. ಆಮೇಲೆ ಇಸ್ತ್ರಿ, ಅದು ರಾತ್ರಿಯವರೆಗೂ. ದಕ್ಷಿಣ ಮಿಸಿಸಿಪ್ಪಿಯ ಬೇಸಿಗೆ ನಮ್ಮ ಕರಾವಳಿಯ ಸೆಖೆಗೆ ಕಡಿಮೆಯಿಲ್ಲ. ಆ ಸೆಖೆಯಲ್ಲಿ ಬೆಂಕಿಯ ಪಕ್ಕ, ಹಬೆಯ ಮುಂದೆ, ಬಾಗಿದ ಬೆನ್ನಿನಲ್ಲಿ ದಿನವಿಡೀ ನಿಲ್ಲುವುದನ್ನು ಕಲ್ಪಿಸಿಕೊಳ್ಳಿ.

1960ರ ದಶಕದಲ್ಲಿ ಆಕೆ ಒಂದು ಒಗೆಯುವ ಯಂತ್ರವನ್ನೂ ಒಣಗಿಸುವ ಯಂತ್ರವನ್ನೂ ಕೊಂಡರು. ಕೆಲವು ದಿನ ಬಳಸಿ ನೋಡಿದರು. ಯಂತ್ರ ಸರಿಯಾಗಿ ಜಾಲಿಸುವುದಿಲ್ಲ, ಒಣಗಿಸುವ ಯಂತ್ರ ಬಿಳಿ ಬಟ್ಟೆಯನ್ನು ಹಳದಿ ಮಾಡುತ್ತದೆ ಎಂದು ತೀರ್ಮಾನಿಸಿ ಎರಡನ್ನೂ ಬಿಟ್ಟು ತಮ್ಮ ಉಜ್ಜುವ ಹಲಗೆಗೆ ವಾಪಸಾದರು. ಮೇಡ್ ರೈಟ್ ಎಂಬ ಬ್ರ್ಯಾಂಡಿನ ಹಲಗೆ ಅದು.

ಈ ಪ್ರಸಂಗವನ್ನು ಅಜ್ಜಿಯ ಹಳೆ ಕಾಲದ ಹಟ ಎನ್ನುವಂತೆ ನಗುನಗುತ್ತ ಹೇಳುವುದುಂಟು. ನನಗೆ ಅದು ಹಟವಾಗಿ ಕಾಣುವುದಿಲ್ಲ. ಸಾಬೂನಿನ ಅಂಶ ನೂಲಿನಲ್ಲಿ ಉಳಿದರೆ, ಶಾಖ ತಗುಲಿದಾಗ ಬಟ್ಟೆ ಹಳದಿಗಟ್ಟುತ್ತದೆ. ಬಿಸಿಲಲ್ಲಿ ಒಣಗಿದ ಬಟ್ಟೆ ಇನ್ನಷ್ಟು ಬೆಳ್ಳಗಾಗುತ್ತದೆ. ಜಾಲಿಸುವುದು ಕಮ್ಮಿಯಾದರೆ ಹಳದಿ ಬಂದೇ ಬರುತ್ತದೆ ಎಂಬ ಕಾರಣವನ್ನು ಆಕೆ ತನ್ನ ಕಣ್ಣಿನಿಂದಲೇ ಹಿಡಿದಿದ್ದರು. ಐವತ್ತು ದಾಟಿದ ಹೆಂಗಸೊಬ್ಬಳು, ತನ್ನ ಬೆನ್ನಿಗೆ ಬಿಡುವು ಕೊಡಬಲ್ಲ ಯಂತ್ರವನ್ನು ಪರೀಕ್ಷೆ ಮಾಡಿ, ಕೆಲಸದ ಗುಣ ಸಾಲದೆಂದು ತಿರಸ್ಕರಿಸುವುದು ಸಣ್ಣ ಮಾತಲ್ಲ. ಒಳ್ಳೆಯ ನೇಕಾರನೋ ಅಕ್ಕಸಾಲಿಯೋ ಹಾಗೆ ಮಾಡಿದರೆ ನಾವು ಅದನ್ನು ಕುಶಲತೆ ಅನ್ನುತ್ತೇವೆ.

ಈ ಕುಶಲತೆಗೆ ಬೆಲೆ ಎಷ್ಟು? ಒಂದು ಗಂಟು ಅಂದರೆ ನಾಲ್ಕು ಜನರ ಸಂಸಾರದ ಒಂದು ವಾರದ ಬಟ್ಟೆ. ಶುರುವಿನಲ್ಲಿ ಗಂಟಿಗೆ ಒಂದೂವರೆಯಿಂದ ಎರಡು ಡಾಲರ್. ಎರಡನೇ ಮಹಾಯುದ್ಧ ಮುಗಿದ ಮೇಲೆ ಅದು ಹತ್ತು ಡಾಲರಿನ ಹತ್ತಿರಕ್ಕೆ ಬಂತು.

ಈ ಅಂಕಿಯ ಪಕ್ಕದಲ್ಲಿ ಇನ್ನೊಂದು ಹಳೆಯ ಅಂಕಿಯನ್ನು ಇಡಬೇಕು. ಗುಲಾಮಗಿರಿ ಕಾನೂನಿನಲ್ಲಿ ಕೊನೆಗೊಂಡ ಮರುವರ್ಷ, 1866ರ ಜೂನ್‌ನಲ್ಲಿ, ಇದೇ ಮಿಸಿಸಿಪ್ಪಿಯ ರಾಜಧಾನಿ ಜ್ಯಾಕ್ಸನ್‌ನಲ್ಲಿ ಒಗೆಯುವ ಹೆಂಗಸರು ಒಟ್ಟಾಗಿ ಮೇಯರ್‌ಗೆ ಪತ್ರ ಬರೆದು ತಮ್ಮ ದರವನ್ನು ತಿಳಿಸಿದ್ದರು: ದಿನಕ್ಕೆ ಒಂದೂವರೆ ಡಾಲರ್, ಒಂದು ಸಂಸಾರದ ಬಟ್ಟೆಗೆ ತಿಂಗಳಿಗೆ 15 ಡಾಲರ್, ಒಂಟಿ ವ್ಯಕ್ತಿಗೆ 10 ಡಾಲರ್. ಮೆಕಾರ್ಟಿಯ ಶುರುವಿನ ದರವನ್ನು ತಿಂಗಳಿಗೆ ಗುಣಿಸಿದರೆ ಆರರಿಂದ ಎಂಟು ಡಾಲರ್ ಆಗುತ್ತದೆ. ಅಂದರೆ ಆ ಹೆಂಗಸರು ಕೇಳಿದ ದರದ ಅರ್ಧದಷ್ಟು ಸಿಗುವ ಕಾಲದಲ್ಲಿ, ಅವರು ಕೇಳಿ ಐವತ್ತು ವರ್ಷ ಕಳೆದ ಮೇಲೆ, ಈ ಹುಡುಗಿ ಹಂಡೆಯ ಮುಂದೆ ನಿಂತಿದ್ದಳು. 1881ರಲ್ಲಿ ಜಾರ್ಜಿಯಾದ ಅಟ್ಲಾಂಟಾದಲ್ಲಿ ಒಗೆಯುವ ಹೆಂಗಸರು ಮುಷ್ಕರ ಹೂಡಿದಾಗ, ಇಪ್ಪತ್ತು ಜನರಿಂದ ಶುರುವಾದ ಅವರ ಸಂಘ ಮೂರೇ ವಾರದಲ್ಲಿ ಮೂರು ಸಾವಿರಕ್ಕೆ ಬೆಳೆದಿತ್ತು. ಕೆಲಸಕ್ಕೆ ತಕ್ಕ ಬೆಲೆ ಏನೆಂದು ಆ ಹೆಂಗಸರಿಗೆ ಚೆನ್ನಾಗಿ ಗೊತ್ತಿತ್ತು. ಸಿಗುತ್ತಿರಲಿಲ್ಲ, ಅಷ್ಟೇ.

ದುಡ್ಡು ಬೆಳೆದ ಬಗೆ

ಒಗೆದು ಬದುಕಿದವರ ಬಳಿ ಎರಡೂವರೆ ಲಕ್ಷ ಡಾಲರ್ ಸೇರಿದ್ದು ಹೇಗೆ? "ಉಳಿಸಿದರು" ಎಂದರೆ ಉತ್ತರ ಮುಗಿಯುವುದಿಲ್ಲ.

ಲೆಕ್ಕ ಹಾಕೋಣ. ವಿಶ್ವವಿದ್ಯಾಲಯದ ಪಾಲಿನ ಒಂದೂವರೆ ಲಕ್ಷ ಡಾಲರನ್ನೇ ತೆಗೆದುಕೊಂಡರೂ, ಗಂಟಿಗೆ ಹತ್ತು ಡಾಲರಿನಂತೆ ಅದು ಹದಿನೈದು ಸಾವಿರ ಗಂಟು. ದಿನಕ್ಕೊಂದು ಗಂಟಿನಂತೆ ವಾರಕ್ಕೆ ಆರು ದಿನ ಒಗೆದರೆ ಅಷ್ಟು ಗಂಟಿಗೆ 48 ವರ್ಷ ಬೇಕು. ಅದೂ ಆ 48 ವರ್ಷವೂ ಅದರಲ್ಲೊಂದು ಬಿಡಿಗಾಸನ್ನೂ ಅಕ್ಕಿಬೇಳೆಗೆ ಖರ್ಚು ಮಾಡದೆ. ಬರೀ ಕೂಲಿಯಿಂದ ಅದು ಆಗದ ಮಾತು. ಹಾಗಾಗಿ ಇಲ್ಲಿ ಬೇರೆ ಕೆಲವು ಕಾರಣಗಳು ಸೇರಿವೆ.

ಮೊದಲನೆಯದು ಮನೆ. 1947ರಲ್ಲಿ ಸೋದರಮಾವ ಆಕೆಗೆ ಮನೆಯನ್ನು ಕೊಟ್ಟರು. ಅಲ್ಲಿಂದ ಬಾಡಿಗೆಯೇ ಇಲ್ಲ. ದಕ್ಷಿಣದ ಕಪ್ಪು ಕೂಲಿಗಳಲ್ಲಿ ಎಷ್ಟು ಜನಕ್ಕೆ ಆ ಭಾಗ್ಯವಿತ್ತು? ಆಕೆಯ ಉಳಿತಾಯದ ಕಥೆಯನ್ನು ಬೇರೆ ಬಡವರಿಗೆ ಬುದ್ಧಿವಾದವಾಗಿ ಹೇಳುವವರು ಈ ಮನೆಯನ್ನು ಮರೆಯುತ್ತಾರೆ. ಸೂರಿನ ಚಿಂತೆ ಹೋದ ಮೇಲೆಯೇ ಗಂಟಿನ ಹತ್ತು ಡಾಲರಿನಲ್ಲಿ ಉಳಿಯುವ ಪಾಲು ದೊಡ್ಡದಾಗಿದ್ದು.

ಎರಡನೆಯದು ಕಾಲ. ತಿಂಗಳಿಗೊಮ್ಮೆ ಬ್ಯಾಂಕಿಗೆ ಹೋಗಿ, ಖರ್ಚಿಗೆ ಬೇಕಾದಷ್ಟನ್ನು ಇಟ್ಟುಕೊಂಡು ಮಿಕ್ಕಿದ್ದನ್ನು ಹಾಕಿ ಬರುತ್ತಿದ್ದರು. ಹಾಕಿದ್ದನ್ನು ಮತ್ತೆ ತೆಗೆಯುತ್ತಿರಲಿಲ್ಲ. ಉದಾಹರಣೆಗೆ ವರ್ಷಕ್ಕೆ ನೂರಕ್ಕೆ ಐದರ ಚಕ್ರಬಡ್ಡಿ ಎಂದಿಟ್ಟುಕೊಳ್ಳಿ. 1947ರಲ್ಲಿ ಹಾಕಿದ ಹತ್ತು ಡಾಲರ್ 1995ರ ಹೊತ್ತಿಗೆ ನೂರು ದಾಟುತ್ತದೆ. 1980ರ ಆಸುಪಾಸಿನಲ್ಲಂತೂ ಅಮೆರಿಕದ ಬ್ಯಾಂಕುಗಳು ಠೇವಣಿಗೆ ಎರಡಂಕಿಯ ಬಡ್ಡಿ ಕೊಟ್ಟವು. ಈ ಅಜ್ಜಿಯ ಖಾತೆಯಲ್ಲಿ ದೊಡ್ಡ ಮೊತ್ತ ಬೆಳೆಯುತ್ತಿರುವುದನ್ನು ಗಮನಿಸಿದ ಬ್ಯಾಂಕಿನವರು ಅದನ್ನು ಅವಧಿ ಠೇವಣಿಗೂ ಅಪಾಯ ಕಡಿಮೆಯಿರುವ ಮ್ಯೂಚುವಲ್ ಫಂಡ್‌ಗೂ ಹಾಕಲು ಸಲಹೆ ಕೊಟ್ಟರು. ತಾಯಿಯೂ ಚಿಕ್ಕಮ್ಮನೂ ಹೋಗುವಾಗ ಬಿಟ್ಟುಹೋದ ಒಂದಿಷ್ಟು ದುಡ್ಡನ್ನೂ ಅಲ್ಲಿಗೇ ಸೇರಿಸಿದರು. ಹೀಗೆ ನೋಡಿದರೆ ಆ ಮೊತ್ತದಲ್ಲಿ ಮೂವರು ಹೆಂಗಸರ ದುಡಿಮೆಯಿದೆ.

ಇನ್ನು ಖರ್ಚು. ಕಾರು ಎಂದೂ ಇರಲಿಲ್ಲ, ಕಾರಿನದೇ ಆದ ಆ ದೇಶದಲ್ಲಿ. ದಿನಸಿ ತರಲು ಸುಮಾರು ಒಂದು ಮೈಲಿ ನಡೆದು, ಗಾಡಿ ತಳ್ಳಿಕೊಂಡು ಬರುತ್ತಿದ್ದರು. ಬೆರಳಿಗೆ ತಾಗುತ್ತಿದ್ದ ಶೂ ಬಿಸಾಡುವ ಬದಲು ಮುಂಭಾಗ ಕತ್ತರಿಸಿ ಹಾಕಿಕೊಳ್ಳುತ್ತಿದ್ದರು. ಹಾಳೆ ಉದುರುತ್ತಿದ್ದ ಬೈಬಲ್ಲಿಗೆ ಟೇಪ್ ಅಂಟಿಸಿದ್ದರು. ಕಪ್ಪುಬಿಳುಪು ಟಿವಿಯಲ್ಲಿ ಬರುತ್ತಿದ್ದುದು ಒಂದೇ ಚಾನೆಲ್. ಆ ಸೆಖೆಯಲ್ಲಿ ಮನೆಗೆ ಏರ್ ಕಂಡಿಷನರ್ ಬಂದದ್ದು ಬ್ಯಾಂಕಿನವರು ಒತ್ತಾಯ ಮಾಡಿದ ಮೇಲೆ. ಅದನ್ನೂ ಯಾರಾದರೂ ಮನೆಗೆ ಬಂದಾಗ ಮಾತ್ರ ಹಾಕುತ್ತಿದ್ದರು.

ಈ ಮಿತವ್ಯಯದ ಹಿಂದೆ ಇನ್ನೊಂದು ಕಾರಣವಿದೆ ಎಂದು ನನ್ನ ನಂಬಿಕೆ. 1935ರಲ್ಲಿ ಅಮೆರಿಕ ಸಾಮಾಜಿಕ ಭದ್ರತಾ ಕಾಯ್ದೆ ತಂದು ಮುಪ್ಪಿನ ಪಿಂಚಣಿ ಶುರು ಮಾಡಿತು. ಹೊಲದ ಕೂಲಿಗಳನ್ನೂ ಮನೆಗೆಲಸದವರನ್ನೂ ಸ್ವಂತ ಕೆಲಸ ಮಾಡಿಕೊಂಡವರನ್ನೂ ಅದು ಹೊರಗಿಟ್ಟಿತು. ದಕ್ಷಿಣದ ಕಪ್ಪು ಹೆಂಗಸರು ಮಾಡುತ್ತಿದ್ದ ಕೆಲಸಗಳು ಬಹುಪಾಲು ಇವೇ. 1950ರ ದಶಕದಲ್ಲಿ ನಿಯಮ ಸಡಿಲವಾಗುವ ಹೊತ್ತಿಗೆ ಮೆಕಾರ್ಟಿ ನಲವತ್ತು ದಾಟಿದ್ದರು. ಅಲ್ಲಿಯವರೆಗೆ ಆಕೆಯ ಮುಪ್ಪಿಗೆ ಸರ್ಕಾರ ಏನನ್ನೂ ಎತ್ತಿಟ್ಟಿರಲಿಲ್ಲ. ಮೂವರು ಮುದುಕಿಯರನ್ನು ಸಾಕಿದವರಿಗೆ ಮುಪ್ಪು ಎಂದರೇನು, ಅದಕ್ಕೆಷ್ಟು ಖರ್ಚಾಗುತ್ತದೆ ಎಂಬುದು ಚೆನ್ನಾಗಿ ಗೊತ್ತಿರುತ್ತದೆ.

ಗೇಟಿನ ಆಚೆ

ಆ ಆರು ನಾಣ್ಯಗಳು ಸೇರಿದ ಜಾಗಕ್ಕೆ ಈಗ ಬರೋಣ. ಯೂನಿವರ್ಸಿಟಿ ಆಫ್ ಸದರ್ನ್ ಮಿಸಿಸಿಪ್ಪಿ 1910ರಲ್ಲಿ ಶಿಕ್ಷಕರ ತರಬೇತಿ ಕಾಲೇಜಾಗಿ ಸ್ಥಾಪನೆಯಾಯಿತು, ಬಿಳಿಯರಿಗೆ ಮಾತ್ರ. ಮೆಕಾರ್ಟಿಗೆ ಆಗ ಎರಡು ವರ್ಷ. ಮುಂದೆ ಅದರ ಕ್ಯಾಂಪಸ್ಸಿಗೂ ಆಕೆಯ ಮನೆಗೂ ನಡುವೆ ಇದ್ದದ್ದು ನಾಲ್ಕಾರು ಬೀದಿ. ಆಕೆ ಓದು ಮುಂದುವರಿಸಿದ್ದರೂ ಆ ಗೇಟಿನೊಳಗೆ ವಿದ್ಯಾರ್ಥಿನಿಯಾಗಿ ಕಾಲಿಡುವಂತಿರಲಿಲ್ಲ.

ಆ ಗೇಟನ್ನು ತಟ್ಟಿ ನೋಡಿದವರೊಬ್ಬರಿದ್ದರು. ಕ್ಲೈಡ್ ಕೆನಾರ್ಡ್, 1927ರಲ್ಲಿ ಹುಟ್ಟಿದವರು. ಸೈನ್ಯದಲ್ಲಿ ಪ್ಯಾರಾಟ್ರೂಪರ್ ಆಗಿ ಕೊರಿಯಾ ಯುದ್ಧ ಕಂಡು ಬಂದು ಶಿಕಾಗೋ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದರು. ತಾಯಿಗೆ ನೆರವಾಗಬೇಕೆಂದು 1955ರಲ್ಲಿ ಹ್ಯಾಟೀಸ್‌ಬರ್ಗಿನ ಬಳಿಯ ಊರಿಗೆ ಮರಳಿ ಕೋಳಿ ಸಾಕಣೆಗೆ ಇಳಿದರು. ಉಳಿದ ಓದನ್ನು ಹತ್ತಿರದ ಈ ಕಾಲೇಜಿನಲ್ಲೇ ಮುಗಿಸಬೇಕೆಂದು ಅರ್ಜಿ ಹಾಕಿದರು. ತಿರಸ್ಕಾರ. ಮತ್ತೆ ಹಾಕಿದರು, ಮತ್ತೆ ತಿರಸ್ಕಾರ. 1959ರ ಸೆಪ್ಟೆಂಬರಿನಲ್ಲಿ ಕಾಲೇಜಿನ ಅಧ್ಯಕ್ಷರನ್ನು ಕಂಡು ಹೊರಬಂದಾಗ ಅಡ್ಡಾದಿಡ್ಡಿ ಕಾರು ಓಡಿಸಿದರು, ಮದ್ಯ ಇಟ್ಟುಕೊಂಡಿದ್ದರು ಎಂಬ ಸುಳ್ಳು ಆರೋಪ ಹೊರಿಸಿ ಬಂಧಿಸಿದರು. ಮರುವರ್ಷ ಇನ್ನೊಂದು ಸುಳ್ಳು ಕೇಸು: 25 ಡಾಲರ್ ಬೆಲೆಯ ಕೋಳಿ ಆಹಾರವನ್ನು ಕದಿಯಲು ಕುಮ್ಮಕ್ಕು ಕೊಟ್ಟರೆಂದು. ಬಿಳಿಯರೇ ತುಂಬಿದ್ದ ಜ್ಯೂರಿ ಹತ್ತೇ ನಿಮಿಷದಲ್ಲಿ ತೀರ್ಪು ಕೊಟ್ಟಿತು. ಏಳು ವರ್ಷ, ಪಾರ್ಚ್‌ಮನ್ ಜೈಲಿನ ಹೊಲಗಳಲ್ಲಿ ದುಡಿಮೆ. ಜೈಲಿನಲ್ಲೇ ಕ್ಯಾನ್ಸರ್ ಬಂತು. ಇನ್ನು ಉಳಿಯುವುದಿಲ್ಲ ಎಂದಾದಾಗ ಬಿಟ್ಟರು. 1963ರ ಜುಲೈ 4ರಂದು, ಅಮೆರಿಕದ ಸ್ವಾತಂತ್ರ್ಯ ದಿನದಂದು ತೀರಿಕೊಂಡರು. ವಯಸ್ಸು 36.

ಆ ಕೋಳಿ ಆಹಾರದ ಬೆಲೆ ಮೆಕಾರ್ಟಿಯ ಎರಡೂವರೆ ಗಂಟಿನ ಕೂಲಿ.

ಕೆನಾರ್ಡ್ ಅವರನ್ನು ಈ ಪ್ರಕರಣದ ನಡುವೆ ತಂದದ್ದಕ್ಕೆ ಕಾರಣವಿದೆ. ಅವರನ್ನು ಬಂಧಿಸಿದ ದಿನವೂ, ಶಿಕ್ಷೆ ಕೊಟ್ಟ ದಿನವೂ, ಅದೇ ಊರಿನಲ್ಲಿ ಮೆಕಾರ್ಟಿ ಹಂಡೆಗೆ ಬೆಂಕಿ ಹಾಕಿ ಬಟ್ಟೆ ಕುದಿಸುತ್ತಿದ್ದರು. 1965ರ ಸೆಪ್ಟೆಂಬರಿನಲ್ಲಿ ರೇಲಾನಿ ಬ್ರಾಂಚ್ ಮತ್ತು ಗ್ವೆಂಡೊಲಿನ್ ಎಲೇನ್ ಆರ್ಮ್‌ಸ್ಟ್ರಾಂಗ್ ಎಂಬ ಇಬ್ಬರು ಕಪ್ಪು ಯುವತಿಯರು ಕೊನೆಗೂ ಆ ಗೇಟು ದಾಟಿ ಒಳಗೆ ಹೋದರು. ಆಗ ಮೆಕಾರ್ಟಿಗೆ 57 ವರ್ಷ, ತಾಯಿ ತೀರಿಕೊಂಡು ಒಂದು ವರ್ಷ.

ಈ ವಿಶ್ವವಿದ್ಯಾಲಯಕ್ಕೇ ಏಕೆ ಎಂದು ಕೇಳಿದವರಿಗೆ ಆಕೆ ಕೊಟ್ಟ ಉತ್ತರದ ಸಾರ ಇಷ್ಟು: ಹಿಂದೆ ನಮ್ಮವರನ್ನು ಅಲ್ಲಿಗೆ ಬಿಡುತ್ತಿರಲಿಲ್ಲ, ಈಗ ಬಿಡುತ್ತಾರೆ, ಆದ್ದರಿಂದ ಅವರಿಗೆ ಅದು ಸಿಗಬೇಕು. ಈ ಮಾತನ್ನು ಕ್ಷಮೆ ಎಂದು ಬಣ್ಣಿಸಿದವರಿದ್ದಾರೆ. ನನಗೆ ಕ್ಷಮೆಗಿಂತ ಅದರಲ್ಲಿ ಲೆಕ್ಕಾಚಾರ ಕಾಣುತ್ತದೆ. ಗೇಟು ತೆಗೆದರೆ ಸಾಲದು, ಒಳಗೆ ಹೋಗಲು ಶುಲ್ಕ ಬೇಕು. ಕಾನೂನು ಗೇಟು ತೆಗೆದಿತ್ತು, ಶುಲ್ಕಕ್ಕೆ ದುಡ್ಡು ಕೂಲಿಯವರ ಮಕ್ಕಳ ಬಳಿ ಇರಲಿಲ್ಲ. ತಾನು ಬೆವರು ಸುರಿಸಿದಷ್ಟು ಆ ಮಕ್ಕಳು ಸುರಿಸಬೇಕಾಗಬಾರದು ಎಂದೇ ಕೊಡುತ್ತಿದ್ದೇನೆ ಎಂದೂ ಆಕೆ ಹೇಳಿದ್ದರು. ಎಲ್ಲಿ ಕೊರತೆಯಿದೆಯೋ ಅಲ್ಲಿಗೇ ನೇರವಾಗಿ ಹೋಗುವ ಕೊಡುಗೆ ಅದು. ಚರ್ಚಿಗೆ ಒಂದು, ಬಂಧುಗಳಿಗೆ ಮೂರು, ಇದಕ್ಕೆ ಆರು ಎಂದು ಮೇಜಿನ ಮೇಲೆ ಹಂಚಿದ ಕೈಗೆ ತಾನು ಮಾಡುತ್ತಿರುವುದೇನು ಎಂಬುದು ಸ್ಪಷ್ಟವಾಗಿ ಗೊತ್ತಿತ್ತು.

ಆಮೇಲಿನ ನಾಲ್ಕು ವರ್ಷ

ಕಾಗದದ ಪ್ರಕಾರ ಬ್ಯಾಂಕು ದುಡ್ಡನ್ನು ನೋಡಿಕೊಂಡು, ಬದುಕಿರುವವರೆಗೆ ಆಕೆಯ ಖರ್ಚಿಗೆ ಕೊಡಬೇಕು, ವಿಶ್ವವಿದ್ಯಾಲಯದ ಪಾಲು ಸೇರುವುದು ಆಕೆಯ ನಂತರ. ಒಮ್ಮೆ ಬರೆದದ್ದನ್ನು ಬದಲಿಸುವಂತಿಲ್ಲ. ಆದರೆ ಸುದ್ದಿ ಹೊರಬಿದ್ದಾಗ ಹ್ಯಾಟೀಸ್‌ಬರ್ಗಿನ ವ್ಯಾಪಾರಸ್ಥರು ಅಷ್ಟೇ ಮೊತ್ತವನ್ನು ತಾವೂ ಸೇರಿಸುವುದಾಗಿ ಒಪ್ಪಿದರು. ಊರೂರುಗಳಿಂದ ನೂರಾರು ಜನ ಚಿಕ್ಕದೊಡ್ಡ ಚೆಕ್ ಕಳಿಸಿದರು. ಹಾಗಾಗಿ ಆಕೆ ಇದ್ದಾಗಲೇ, 1995ರಲ್ಲೇ, ಮೊದಲ ವಿದ್ಯಾರ್ಥಿವೇತನ ಹೋಯಿತು: ಹ್ಯಾಟೀಸ್‌ಬರ್ಗಿನದೇ ಒಬ್ಬ ಹುಡುಗಿಗೆ ಒಂದು ಸಾವಿರ ಡಾಲರ್. ಕೊಡುಗೆಗೆ ಪ್ರತಿಯಾಗಿ ಕಟ್ಟಡಕ್ಕೆ ಹೆಸರಿಡಿ, ಪ್ರತಿಮೆ ನಿಲ್ಲಿಸಿ ಎಂದು ಆಕೆ ಕೇಳಲಿಲ್ಲ. ತನ್ನ ದುಡ್ಡಿನಲ್ಲಿ ಓದಿದ ಒಂದು ಮಗುವಿನ ಪದವಿ ಸಮಾರಂಭಕ್ಕೆ ಹೋಗಬೇಕು ಅಂದಿದ್ದರು.

ಆಮೇಲೆ ಬಂದ ಮನ್ನಣೆಗಳು ಬಹಳ. 1995ರಲ್ಲೇ ಅಧ್ಯಕ್ಷ ಬಿಲ್ ಕ್ಲಿಂಟನ್ ಅವರಿಂದ ಪ್ರೆಸಿಡೆನ್ಷಿಯಲ್ ಸಿಟಿಜನ್ಸ್ ಮೆಡಲ್. 1996ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಗೌರವ ಡಾಕ್ಟರೇಟ್, ಆರನೇ ತರಗತಿಗೆ ಶಾಲೆ ಬಿಟ್ಟವರಿಗೆ. ಅದೇ ವರ್ಷ ಅಟ್ಲಾಂಟಾ ಒಲಿಂಪಿಕ್ಸಿನ ಜ್ಯೋತಿ ಮಿಸಿಸಿಪ್ಪಿಯನ್ನು ಹಾದುಹೋಗುವಾಗ ಸ್ವಲ್ಪ ದೂರ ಹೊತ್ತರು. ವರ್ಷದ ಕೊನೆಯ ರಾತ್ರಿ ನ್ಯೂಯಾರ್ಕಿನ ಟೈಮ್ಸ್ ಸ್ಕ್ವೇರಿನಲ್ಲಿ ಹೊಸ ವರ್ಷದ ಗೋಳವನ್ನು ಇಳಿಸುವ ಗುಂಡಿ ಒತ್ತಿದರು. 1997ರಲ್ಲಿ ವಿಶ್ವಸಂಸ್ಥೆಯ ಕೆಲಸಗಳಿಗೆ ನೂರು ಕೋಟಿ ಡಾಲರ್ ಘೋಷಿಸಿದ ಉದ್ಯಮಿ ಟೆಡ್ ಟರ್ನರ್ ಈ ಅಜ್ಜಿಯನ್ನು ನೆನೆದಿದ್ದರು. ಅಷ್ಟು ದುಡ್ಡನ್ನು ನಿಮಗಾಗಿ ಏಕೆ ಖರ್ಚು ಮಾಡಿಕೊಳ್ಳಲಿಲ್ಲ ಎಂದು ಕೇಳಿದವರಿಗೆಲ್ಲ ಆಕೆ, ನನಗಾಗಿಯೇ ಖರ್ಚು ಮಾಡಿಕೊಂಡಿದ್ದೇನೆ ಎನ್ನುವ ಅರ್ಥದ ಉತ್ತರವನ್ನೇ ಕೊಡುತ್ತಿದ್ದರು.

1998ರಲ್ಲಿ ಯೂನಿವರ್ಸಿಟಿ ಆಫ್ ಸದರ್ನ್ ಮಿಸಿಸಿಪ್ಪಿ ಆಕೆಗೆ ಗೌರವ ಡಾಕ್ಟರೇಟ್ ಕೊಟ್ಟಿತು. ಆ ವಿಶ್ವವಿದ್ಯಾಲಯ ತನ್ನ ಚರಿತ್ರೆಯಲ್ಲಿ ಯಾರಿಗಾದರೂ ಕೊಟ್ಟ ಮೊದಲ ಗೌರವ ಡಾಕ್ಟರೇಟ್ ಅದು. ಕೆನಾರ್ಡ್ ಅವರ ಶಿಕ್ಷೆಯನ್ನು ನ್ಯಾಯಾಲಯ ರದ್ದುಮಾಡಿದ್ದು 2006ರಲ್ಲಿ. ಅವರಿಗೂ ಅದೇ ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ಕೊಟ್ಟಿತು, ಅವರು ಸತ್ತು 55 ವರ್ಷದ ಮೇಲೆ, 2018ರಲ್ಲಿ.

ಇಂಥ ಬದುಕನ್ನು ನೆನೆಯುವಾಗ ಕೊನೆಯ ನಾಲ್ಕು ವರ್ಷದ ದೀಪಗಳು ಹಿಂದಿನ ಎಪ್ಪತ್ತೈದು ವರ್ಷದ ಮೇಲೆ ನೆರಳು ಹಾಕಿಬಿಡುತ್ತವೆ. ಪದಕದ ಚಿತ್ರ ಸಿಗುತ್ತದೆ, ಹಂಡೆಯ ಚಿತ್ರ ಸಿಗುವುದಿಲ್ಲ. ಆಕೆಯ ಬಗ್ಗೆ ಏನು ಓದಿದರೂ ನಾನು ಮೊದಲು ಹುಡುಕುವುದು ಹಲಗೆ, ಹಗ್ಗ, ನೀರು ಹೊತ್ತ ದೂರ ಇಂಥವನ್ನೇ. ಆ ಯಂತ್ರ ಬಿಳಿಯನ್ನು ಹಳದಿ ಮಾಡುತ್ತದೆ ಎಂದು ಗುರುತಿಸಿದ ಕಣ್ಣೇ, ಯಾರಿಗೆಷ್ಟು ನಾಣ್ಯ ಎಂಬುದನ್ನೂ ನಿರ್ಧರಿಸಿದ್ದು.

1999ರ ಸೆಪ್ಟೆಂಬರ್ 26ರಂದು, 91ನೇ ವಯಸ್ಸಿನಲ್ಲಿ, ಯಕೃತ್ತಿನ ಕ್ಯಾನ್ಸರಿನಿಂದ ಓಸಿಯೋಲಾ ಮೆಕಾರ್ಟಿ ತೀರಿಕೊಂಡರು. ಅವರ ಪುಟ್ಟ ಮನೆಯನ್ನು ಈಗ ಮಿಲ್ಲರ್ ಸ್ಟ್ರೀಟಿನಿಂದ ಎತ್ತಿ ತಂದು ಊರಿನ ಸಿಕ್ಸ್ತ್ ಸ್ಟ್ರೀಟಿನ ವಸ್ತುಸಂಗ್ರಹಾಲಯಗಳ ನಡುವೆ ಇಟ್ಟಿದ್ದಾರೆ. ಕಪ್ಪು ಮಕ್ಕಳಿಗಾಗಿ 1921ರಲ್ಲಿ ಕಟ್ಟಿದ ಯುರೇಕಾ ಶಾಲೆಯ ಇಟ್ಟಿಗೆ ಕಟ್ಟಡವೂ ಅದೇ ಬೀದಿಯಲ್ಲಿದೆ.